ಪಾರ್ಸೆಲ್ ಮರಳಿ ಬರುವ ದಾರಿ: ಆನ್‌ಲೈನ್ ಅಂಗಡಿಯನ್ನು ಒಂದೇ ದೇಶದಿಂದ ಆರಂಭಿಸುವುದು ಹೇಗೆ

ಆನ್‌ಲೈನ್ ಅಂಗಡಿ ಕಟ್ಟುವ ಯಾವ ಸಾಫ್ಟ್‌ವೇರ್ ತೆಗೆದುಕೊಂಡರೂ ಅದರಲ್ಲಿ ಒಂದು ಪುಟ ಇದ್ದೇ ಇರುತ್ತದೆ: ಯಾವ ಯಾವ ದೇಶಕ್ಕೆ ಸರಕು ಕಳುಹಿಸುತ್ತೀರಿ ಎಂದು ಕೇಳುವ ಪುಟ. ದೇಶಗಳ ಹೆಸರು ಸಾಲಾಗಿ ನಿಂತಿರುತ್ತವೆ, ಪ್ರತಿ ಹೆಸರಿನ ಪಕ್ಕ ಒಂದು ಸಣ್ಣ ಚೌಕ. ಆ ಚೌಕದಲ್ಲಿ ಗುರುತು ಹಾಕಲು ಕ್ಷಣ ಸಾಕು. ನಾವು ಮೂವರು ಸೇರಿ ಓದುವ ದೀಪಗಳ ಅಂಗಡಿ ತೆರೆದ ದಿನ ಹದಿನಾಲ್ಕು ದೇಶಗಳಿಗೆ ಗುರುತು ಹಾಕಿದೆವು. ಪುಸ್ತಕದ ಅಂಚಿಗೆ ಸಿಕ್ಕಿಸಿಕೊಳ್ಳುವ, ಚಾರ್ಜ್ ಮಾಡಿ ಬಳಸುವ ಪುಟ್ಟ ದೀಪ ಅದು. ಹಗುರ, ಅಂಗೈ ಅಗಲ. ಎಲ್ಲಿಗಾದರೂ ಕಳುಹಿಸಬಹುದು ಎಂದುಕೊಂಡಿದ್ದೆವು.

ಮೊದಲ ಎರಡು ತಿಂಗಳಲ್ಲಿ ಅರವತ್ತೊಂದು ಆರ್ಡರ್ ಬಂದವು. ಮೂವತ್ತೆಂಟು ನಮ್ಮ ದೇಶದವು, ಉಳಿದ ಇಪ್ಪತ್ತಮೂರು ಬೇರೆ ಎಂಟು ದೇಶಗಳವು. ಆ ಮೂವತ್ತೆಂಟನ್ನು ಮುಗಿಸಲು ನಮಗೆ ಹಿಡಿದದ್ದು ಕೆಲವು ಸಂಜೆಗಳು. ಇಪ್ಪತ್ತಮೂರು ಆರ್ಡರ್‌ಗಳು ಮಾತ್ರ ಎರಡು ತಿಂಗಳ ಬಹುಪಾಲನ್ನು ನುಂಗಿದವು. ಒಬ್ಬ ಗ್ರಾಹಕ ಬಾಗಿಲಿಗೆ ಬಂದ ಪಾರ್ಸೆಲ್‌ಗೆ ಸುಂಕ ಕಟ್ಟಲು ಒಪ್ಪಲಿಲ್ಲ. ಅದು ವಾಪಸು ಬಂದಾಗ ಹೋಗುವ ಖರ್ಚಿನ ಜೊತೆ ಬರುವ ಖರ್ಚಿನ ಬಿಲ್ಲೂ ಬಂತು. ಇನ್ನೊಬ್ಬರ ವಿಳಾಸದಲ್ಲಿ ಪಿನ್‌ಕೋಡ್ ಇರಲೇ ಇಲ್ಲ, ನಮ್ಮ ತಾಣದ ವಿಳಾಸದ ಅರ್ಜಿ ಮಾತ್ರ ಅದನ್ನು ತುಂಬದೆ ಮುಂದೆ ಬಿಡುತ್ತಿರಲಿಲ್ಲ. ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಬ್ಯಾಟರಿ ಉಬ್ಬಿದ ಒಂದು ದೀಪ.

ಅದನ್ನು ಕೊಂಡ ಮಹಿಳೆ ಬಹಳ ಸೌಜನ್ಯದಿಂದ ಬರೆದಿದ್ದರು: ದೀಪ ಬಿಸಿಯಾಗುತ್ತಿದೆ, ಹೇಗೆ ಹಿಂತಿರುಗಿಸಲಿ? ನಾವು ಕೊರಿಯರ್‌ನವರನ್ನು ಕೇಳಿದೆವು. ಅಂತರರಾಷ್ಟ್ರೀಯ ವಿಮಾನ ಸಾಗಣೆಯ ನಿಯಮದಂತೆ ಹಾಳಾದ ಅಥವಾ ಸುರಕ್ಷತೆಯ ದೋಷವಿರುವ ಲಿಥಿಯಂ ಬ್ಯಾಟರಿಯನ್ನು ವಿಮಾನದಲ್ಲಿ ಸಾಗಿಸುವಂತಿಲ್ಲ. ಸರಿಯಾಗಿರುವಾಗ ವಿಮಾನದಲ್ಲಿ ಹೋದ ದೀಪ ಕೆಟ್ಟ ಮೇಲೆ ವಿಮಾನದಲ್ಲಿ ಬರುವಂತಿಲ್ಲ. ಅಂದರೆ ನಾವು ಮಾರಿದ್ದ ವಸ್ತುವಿಗೆ ಮರಳುವ ದಾರಿಯೇ ಇರಲಿಲ್ಲ. ಹಣ ಹಿಂತಿರುಗಿಸಿ, ಹತ್ತಿರದ ಬ್ಯಾಟರಿ ಸಂಗ್ರಹ ಕೇಂದ್ರಕ್ಕೆ ಒಪ್ಪಿಸುವಂತೆ ಕೇಳಿಕೊಂಡೆವು. ದೋಷ ಏನಿತ್ತು ಎಂದು ನಮಗೆ ಇಂದಿಗೂ ತಿಳಿದಿಲ್ಲ, ಏಕೆಂದರೆ ಆ ದೀಪವನ್ನು ನಾವು ಮತ್ತೆ ನೋಡಲೇ ಇಲ್ಲ. ಅದರ ಜೊತೆಗೇ ತಯಾರಾದ ಇನ್ನಷ್ಟು ದೀಪಗಳು ಯಾರ ಯಾರದೋ ಹಾಸಿಗೆಯ ಪಕ್ಕದಲ್ಲಿ ಉರಿಯುತ್ತಿದ್ದವು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಹದಿಮೂರು ಗುರುತುಗಳನ್ನು ಅಳಿಸಿ ಒಂದನ್ನು ಉಳಿಸಿಕೊಂಡೆವು. ಆಮೇಲೆ ನಮ್ಮ ದೇಶದೊಳಗೇ ಬ್ಯಾಟರಿಯ ದೂರು ಬಂದಾಗ, ರಸ್ತೆಯ ಮೂಲಕ ಅದನ್ನು ಸಾಗಿಸಲು ಒಪ್ಪಿದ ಒಂದು ಸಂಸ್ಥೆ ಸಿಕ್ಕಿತು. ದೀಪ ನಮ್ಮ ಮೇಜಿಗೆ ಬಂತು, ಬಿಚ್ಚಿ ನೋಡಿದೆವು, ಬೆಸುಗೆಯ ತಪ್ಪು ಕಂಡಿತು, ತಯಾರಕರಿಗೆ ತೋರಿಸಿ ಸರಿಪಡಿಸಿಕೊಂಡೆವು.

ಹೊಸದಾಗಿ ಅಂಗಡಿ ತೆರೆಯುವವರು ನನ್ನನ್ನು ಕೇಳಿದರೆ ಈಗ ನಾನು ಹೇಳುವುದು ಇಷ್ಟೇ: ಸರಕು ಹೋಗುವ ದಾರಿಯನ್ನು ನೋಡಿ ದೇಶ ಆರಿಸಬೇಡಿ, ಮರಳಿ ಬರುವ ದಾರಿಯನ್ನು ನೋಡಿ ಆರಿಸಿ. ಹಾಗೆ ಲೆಕ್ಕ ಹಾಕಿದವರಿಗೆ ಬಹುಪಾಲು ಒಂದೇ ದೇಶ ಉಳಿಯುತ್ತದೆ. ದೊಡ್ಡ ಕಂಪನಿಗಳೂ ಸಣ್ಣದಾಗಿದ್ದಾಗ ಹೀಗೇ ಮಾಡಿದ್ದು ಏಕೆ ಎಂಬುದೂ ಅಲ್ಲಿಯೇ ತಿಳಿಯುತ್ತದೆ.

ಒಂದು ಹಾಳೆ, ಒಂದು ವಸ್ತು, ಹಿಂದಿನಿಂದ ಮುಂದಕ್ಕೆ

ಅಂಗಡಿ ತೆರೆಯುವ ಮೊದಲು ಒಂದು ಸಂಜೆ ಬಿಡುವು ಮಾಡಿಕೊಳ್ಳಿ. ನೀವು ಮಾರಬೇಕೆಂದಿರುವ ವಸ್ತುಗಳಲ್ಲಿ ಒಂದನ್ನು ಆರಿಸಿ, ಒಂದು ದೇಶದ ಹೆಸರನ್ನು ಹಾಳೆಯ ಮೇಲೆ ಬರೆಯಿರಿ. ಆಮೇಲೆ ಗ್ರಾಹಕರ ಕೈಯಿಂದ ಆರಂಭಿಸಿ ನಿಮ್ಮ ಗೋದಾಮಿನವರೆಗೆ ಆ ವಸ್ತು ಹೇಗೆ ಮರಳುತ್ತದೆ ಎಂದು ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಾ ಹೋಗಿ.

ಅವರು ಪಾರ್ಸೆಲ್ಲನ್ನು ಎಲ್ಲಿ ಒಪ್ಪಿಸಬೇಕು? ಮನೆಗೆ ಬಂದು ಒಯ್ಯುವವರಿದ್ದಾರೆಯೇ, ಅವರೇ ಅಂಚೆ ಕಚೇರಿಗೆ ಹೋಗಬೇಕೇ? ವಿಳಾಸದ ಚೀಟಿಯನ್ನು ನೀವು ಕಳುಹಿಸುತ್ತೀರಾ? ಮುದ್ರಿಸಲು ಅವರ ಬಳಿ ಪ್ರಿಂಟರ್ ಇಲ್ಲದಿದ್ದರೆ? ಗಡಿ ದಾಟುವುದಾದರೆ ಕಸ್ಟಮ್ಸ್ ಅರ್ಜಿ ತುಂಬುವವರು ಯಾರು? ನಿಮ್ಮದೇ ಸರಕು ನಿಮ್ಮ ದೇಶಕ್ಕೆ ಮರಳುವಾಗಲೂ ಅದು ಆಮದು ಎಂದೇ ಲೆಕ್ಕ. ಮೊದಲು ಇಲ್ಲಿಂದಲೇ ಹೋದದ್ದು ಎಂಬ ದಾಖಲೆ ತೋರಿಸದಿದ್ದರೆ ಸುಂಕ ಬೀಳಬಹುದು. ಗ್ರಾಹಕರು ಅವರ ದೇಶದಲ್ಲಿ ಕಟ್ಟಿದ ಸುಂಕ ಅವರಿಗೆ ಸಿಗುತ್ತದೆಯೇ, ಸಿಗುವುದಾದರೆ ಅರ್ಜಿ ಹಾಕುವವರು ಯಾರು? ಹಣ ಮರಳಿಸುವ ದಿನದ ವಿನಿಮಯ ದರ ಕೊಂಡ ದಿನದ್ದಕ್ಕಿಂತ ಕಡಿಮೆಯಾಗಿದ್ದರೆ, ನೀವು ಪೂರ್ತಿ ಕೊಟ್ಟಿದ್ದರೂ ಅವರ ಖಾತೆಗೆ ಕಡಿಮೆ ಸೇರುತ್ತದೆ. ಆ ವ್ಯತ್ಯಾಸವನ್ನು ಯಾರು ಹೊರುತ್ತೀರಿ?

ಪ್ರತಿ ಪ್ರಶ್ನೆಯ ಮುಂದೆ ಮೂರು ಸಂಗತಿ ಬರೆಯಿರಿ: ಯಾರು ಮಾಡುತ್ತಾರೆ, ಎಷ್ಟು ದಿನ, ಎಷ್ಟು ಹಣ. ಉತ್ತರ ಗೊತ್ತಿಲ್ಲದ ಕಡೆ ಖಾಲಿ ಬಿಡಿ, ಅಂದಾಜು ತುಂಬಬೇಡಿ. ಕೊನೆಯಲ್ಲಿ ಖಾಲಿ ಜಾಗಗಳನ್ನು ಎಣಿಸಿ. ಸ್ವಂತ ದೇಶಕ್ಕೆ ಈ ಹಾಳೆ ತುಂಬಿದಾಗ ನಮಗೆ ಎರಡು ಖಾಲಿ ಜಾಗ ಉಳಿದವು. ಎರಡು ಫೋನ್ ಕರೆಗಳಲ್ಲಿ ಅವೂ ತುಂಬಿದವು. ಪಕ್ಕದ ದೇಶಕ್ಕೆ ತುಂಬಿದಾಗ ಹನ್ನೊಂದು ಉಳಿದವು.

ಮಾರುವುದು ಬಟ್ಟೆ, ಚಪ್ಪಲಿಗಳಂಥ ಅಳತೆಯ ವಸ್ತುವಾದರೆ ಈ ಹಾಳೆಯೇ ನಿಮ್ಮ ವ್ಯಾಪಾರದ ಜೀವ. ಜರ್ಮನಿಯ ಜಲಾಂಡೋ 2008ರಲ್ಲಿ ಬರ್ಲಿನ್‌ನಲ್ಲಿ ಪಾದರಕ್ಷೆ ಮಾರುತ್ತಾ ಆರಂಭವಾಯಿತು. ಮಾರಿದ ವಸ್ತುಗಳಲ್ಲಿ ಸುಮಾರು ಅರ್ಧದಷ್ಟು ಮರಳಿ ಬರುತ್ತವೆ ಎಂದು ಆ ಕಂಪನಿಯೇ ಹೇಳಿಕೊಂಡಿದೆ. ಎರಡರಲ್ಲಿ ಒಂದು ವಾಪಸು ಬರುವ ವ್ಯಾಪಾರವನ್ನು ಗಡಿ ದಾಟಿಸಿ ಆರಂಭಿಸುವುದು ಎಂಥ ಭಾರವೆಂದು ಊಹಿಸಿ. ಅವರು ಒಂದು ದೇಶದೊಳಗೆ ಆ ಚಕ್ರವನ್ನು ತಿರುಗಿಸಲು ಕಲಿತು, 2009ರಲ್ಲಿ ಆಸ್ಟ್ರಿಯಾಕ್ಕೆ ಹೋದರು. ಅದೇ ಭಾಷೆ, ಅದೇ ಯೂರೋ, ನಡುವೆ ಕಸ್ಟಮ್ಸ್ ಇಲ್ಲ. ನೆದರ್ಲೆಂಡ್ಸ್ ಮತ್ತು ಫ್ರಾನ್ಸ್ ಅದಾದ ಮರುವರ್ಷ.

ಮರಳಿಸುವ ಹಕ್ಕು ಕೂಡ ದೇಶದಿಂದ ದೇಶಕ್ಕೆ ಬೇರೆ. ಯುರೋಪಿಯನ್ ಒಕ್ಕೂಟದಲ್ಲಿ ಆನ್‌ಲೈನ್‌ನಲ್ಲಿ ಕೊಂಡವರು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, 14 ದಿನಗಳೊಳಗೆ ಕಾರಣ ಹೇಳದೆ ಹಿಂದೆ ಸರಿಯಬಹುದು. ಆಗ ವಸ್ತುವಿನ ಬೆಲೆಯಷ್ಟೇ ಅಲ್ಲದೆ ಕಳುಹಿಸಿದ ಸಾಮಾನ್ಯ ಸಾಗಣೆ ವೆಚ್ಚವನ್ನೂ ಅಂಗಡಿ ಮರಳಿಸಬೇಕು. ಅಮೆರಿಕದಲ್ಲಿ ಆನ್‌ಲೈನ್ ಖರೀದಿಗೆ ಇಂಥ ಒಂದು ರಾಷ್ಟ್ರವ್ಯಾಪಿ ಹಕ್ಕು ಇಲ್ಲ, ಬಹುಪಾಲು ಅಂಗಡಿ ತಾನೇ ಪ್ರಕಟಿಸಿದ ನಿಯಮ ನಡೆಯುತ್ತದೆ. ಎರಡಕ್ಕೂ ಒಂದೇ ರಿಟರ್ನ್ ಪುಟ ಬರೆದರೆ ಒಂದು ಕಡೆ ಕಾನೂನು ಮುರಿಯುತ್ತೀರಿ, ಇಲ್ಲವೇ ಇನ್ನೊಂದು ಕಡೆ ಅಗತ್ಯಕ್ಕಿಂತ ಹೆಚ್ಚು ಕೊಡುತ್ತೀರಿ.

ತೆರಿಗೆ ಕಲಿತರೆ ಮುಗಿಯಿತು ಎನ್ನುವಂತಿಲ್ಲ

ಗಡಿಯ ತೆರಿಗೆಯನ್ನು ಒಮ್ಮೆ ಕಲಿತುಕೊಂಡರಾಯಿತು ಎಂದು ನಾನೂ ನಂಬಿದ್ದೆ. ಆದರೆ ಅದು ಕಾಲಕಾಲಕ್ಕೆ ಬದಲಾಗುತ್ತಲೇ ಇರುತ್ತದೆ, ಬದಲಾದದ್ದನ್ನು ನಿಮಗೆ ಮನೆಗೆ ಬಂದು ಯಾರೂ ಹೇಳುವುದಿಲ್ಲ.

ಆಸ್ಟ್ರೇಲಿಯಾ 2018ರ ಜುಲೈ 1ರಿಂದ 1,000 ಆಸ್ಟ್ರೇಲಿಯನ್ ಡಾಲರ್‌ವರೆಗಿನ ಆಮದು ಪಾರ್ಸೆಲ್‌ಗಳ ಮೇಲೂ ಜಿಎಸ್‌ಟಿ ವಿಧಿಸಿತು, ಅದನ್ನು ವಸೂಲಿ ಮಾಡುವ ಹೊಣೆಯನ್ನು ಮಾರುವವರ ಮೇಲೆ ಹಾಕಿತು. ಆಗ ಅಮೆಜಾನ್ ಆಸ್ಟ್ರೇಲಿಯಾದ ಗ್ರಾಹಕರನ್ನು ತನ್ನ ಅಮೆರಿಕದ ತಾಣದಲ್ಲಿ ಕೊಳ್ಳದಂತೆ ತಡೆಯಿತು. ಆ ತಡೆಯನ್ನು ತೆಗೆದದ್ದು ಅದೇ ವರ್ಷದ ನವೆಂಬರ್‌ನಲ್ಲಿ. ಅಷ್ಟು ದೊಡ್ಡ ಕಂಪನಿಗೇ ತಿಂಗಳುಗಳು ಬೇಕಾದವು. ಯುರೋಪಿಯನ್ ಒಕ್ಕೂಟ 2021ರ ಜುಲೈ 1ರಂದು 22 ಯೂರೋವರೆಗಿನ ಸರಕಿಗಿದ್ದ ವ್ಯಾಟ್ ವಿನಾಯಿತಿಯನ್ನು ತೆಗೆದುಹಾಕಿತು. ಅದೇ ವರ್ಷದ ಜನವರಿಯಿಂದ ಬ್ರಿಟನ್ 135 ಪೌಂಡ್‌ವರೆಗಿನ ಪಾರ್ಸೆಲ್‌ಗಳ ವ್ಯಾಟ್ ಅನ್ನು ಮಾರಾಟದ ಹೊತ್ತಿನಲ್ಲೇ ವಿದೇಶಿ ಅಂಗಡಿಗಳು ಸಂಗ್ರಹಿಸಬೇಕೆಂದು ವಿಧಿಸಿದಾಗ, ಯುರೋಪಿನ ಕೆಲವು ಸಣ್ಣ ಅಂಗಡಿಗಳು ಅಲ್ಲಿಗೆ ಕಳುಹಿಸುವುದನ್ನೇ ನಿಲ್ಲಿಸಿದವು. ಅಮೆರಿಕ 2016ರಲ್ಲಿ ಸುಂಕವಿಲ್ಲದ ಮಿತಿಯನ್ನು 200 ಡಾಲರ್‌ನಿಂದ 800 ಡಾಲರ್‌ಗೆ ಏರಿಸಿತ್ತು. ಆ ಸೌಲಭ್ಯ 2025ರ ಮೇ ತಿಂಗಳಲ್ಲಿ ಚೀನಾದ ಸರಕಿಗೆ, ಆಗಸ್ಟ್ 29ರಂದು ಎಲ್ಲ ದೇಶಗಳ ಸರಕಿಗೆ ನಿಂತುಹೋಯಿತು. ಆ ದಿನಗಳಲ್ಲಿ ಹಲವು ದೇಶಗಳ ಅಂಚೆ ಇಲಾಖೆಗಳು ಅಮೆರಿಕಕ್ಕೆ ಪಾರ್ಸೆಲ್ ಸ್ವೀಕರಿಸುವುದನ್ನೇ ತಾತ್ಕಾಲಿಕವಾಗಿ ನಿಲ್ಲಿಸಿದ್ದವು. 800 ಡಾಲರ್ ಮಿತಿಯ ಮೇಲೆಯೇ ತಮ್ಮ ಬೆಲೆ ಕಟ್ಟಿಕೊಂಡಿದ್ದ ಸಣ್ಣ ಅಂಗಡಿಗಳ ಪಾಡನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಇದರ ಜೊತೆಗೆ ವರ್ಗೀಕರಣದ ಕೆಲಸ. ಪ್ರತಿ ವಸ್ತುವಿಗೂ ಒಂದು ಎಚ್‌ಎಸ್ ಕೋಡ್, ಅಂದರೆ ಅದು ಯಾವ ಬಗೆಯ ಸರಕು ಎಂದು ಕಸ್ಟಮ್ಸ್‌ಗೆ ತಿಳಿಸುವ ಅಂತರರಾಷ್ಟ್ರೀಯ ಸಂಖ್ಯೆ, ಬೇಕು. ಅದರ ಮೊದಲ ಆರು ಅಂಕಿಗಳು ಆ ಪದ್ಧತಿಯನ್ನು ಅನುಸರಿಸುವ ಎಲ್ಲ ದೇಶಗಳಲ್ಲೂ ಒಂದೇ, ಅದರ ಮುಂದಿನ ಅಂಕಿಗಳನ್ನು ಆಯಾ ದೇಶ ತನ್ನಿಷ್ಟದಂತೆ ಸೇರಿಸಿಕೊಳ್ಳುತ್ತದೆ. ವಿದ್ಯುತ್ ವಸ್ತುವಾದರೆ ಸುರಕ್ಷತೆಯ ಗುರುತು ಬೇರೆ, ಪ್ಲಗ್ ಬೇರೆ, ವೋಲ್ಟೇಜ್ ಬೇರೆ. 2024ರ ಡಿಸೆಂಬರ್ 13ರಿಂದ ಜಾರಿಗೆ ಬಂದ ಯುರೋಪಿನ ಉತ್ಪನ್ನ ಸುರಕ್ಷತಾ ನಿಯಮದಂತೆ, ಹೊರಗಿನಿಂದ ಮಾರುವ ಸಾಮಾನ್ಯ ಗ್ರಾಹಕ ವಸ್ತುಗಳಿಗೆ ಒಕ್ಕೂಟದೊಳಗೆ ನೆಲೆಸಿದ ಹೊಣೆಗಾರರೊಬ್ಬರು ಇರಲೇಬೇಕು. ನಮ್ಮ ಪುಟ್ಟ ದೀಪಕ್ಕೂ ಅದು ಅನ್ವಯಿಸುತ್ತದೆ.

ಒಂದು ದೇಶ ಎಂದ ಮಾತ್ರಕ್ಕೆ ಒಂದೇ ನಿಯಮ ಎಂದೂ ತಿಳಿಯಬೇಡಿ. ಅಮೆರಿಕದ ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಸೌತ್ ಡಕೋಟಾ ರಾಜ್ಯ ಮತ್ತು ವೇಫೇರ್ ಎಂಬ ಆನ್‌ಲೈನ್ ಅಂಗಡಿಯ ನಡುವಿನ ಮೊಕದ್ದಮೆಯಲ್ಲಿ, ತಮ್ಮ ನೆಲದಲ್ಲಿ ಕಚೇರಿ ಇಲ್ಲದ ಆನ್‌ಲೈನ್ ಅಂಗಡಿಗಳಿಗೂ ರಾಜ್ಯಗಳು ಮಾರಾಟ ತೆರಿಗೆ ಸಂಗ್ರಹಿಸುವಂತೆ ಹೇಳಬಹುದು ಎಂದು ತೀರ್ಪು ಕೊಟ್ಟಿತು. ಹೀಗಾಗಿ ದೇಶ ದೊಡ್ಡದಾದರೆ ಅದರೊಳಗೂ ಒಂದು ಭಾಗದಿಂದ ಆರಂಭಿಸುವುದರಲ್ಲಿ ತಪ್ಪಿಲ್ಲ.

ಮಾಡಬೇಕಾದದ್ದು: ನೀವು ತೆರೆಯುವ ಒಂದು ದೇಶದ ತೆರಿಗೆ ಇಲಾಖೆಯ ಸೂಚನೆಗಳನ್ನು ತಿಂಗಳಿಗೊಮ್ಮೆ ಓದುವ ಹೊಣೆಯನ್ನು ತಂಡದ ಒಬ್ಬರಿಗೆ ಹೆಸರು ಹಿಡಿದು ಒಪ್ಪಿಸಿ. ಹದಿನಾಲ್ಕು ದೇಶಗಳ ಸೂಚನೆಗಳನ್ನು ಓದುವವರನ್ನು ನಾನು ಇನ್ನೂ ಕಂಡಿಲ್ಲ.

ಹಣ ಕೊಡುವ ಅಭ್ಯಾಸ

ಕಾರ್ಡ್ ಇದ್ದರೆ ಜಗತ್ತೆಲ್ಲ ಕೊಳ್ಳುತ್ತದೆ ಎಂಬುದು ಕಾರ್ಡಿನಲ್ಲೇ ಕೊಳ್ಳುವವರ ಎಣಿಕೆ. ನೆದರ್ಲೆಂಡ್ಸ್‌ನಲ್ಲಿ 2005ರಿಂದ ಐಡೀಲ್ ಎಂಬ ಪಾವತಿ ವ್ಯವಸ್ಥೆ ಇದೆ, ಕೀನ್ಯಾದಲ್ಲಿ 2007ರಿಂದ ಎಂ-ಪೆಸಾ, ಪೋಲೆಂಡ್‌ನಲ್ಲಿ 2015ರಿಂದ ಬ್ಲಿಕ್, ಬ್ರೆಜಿಲ್‌ನಲ್ಲಿ 2020ರಿಂದ ಪಿಕ್ಸ್. ಜಪಾನಿನಲ್ಲಿ ಆನ್‌ಲೈನ್‌ನಲ್ಲಿ ಕೊಂಡದ್ದಕ್ಕೆ ಹತ್ತಿರದ ದಿನಸಿ ಅಂಗಡಿಯಲ್ಲಿ ನಗದು ಕಟ್ಟುವವರಿದ್ದಾರೆ, ಜರ್ಮನಿಯಲ್ಲಿ ಸರಕು ಕೈಸೇರಿದ ಮೇಲೆ ಬಿಲ್ ಪಾವತಿಸುವ ರೂಢಿ ಬಲವಾಗಿದೆ. ಪಾವತಿಯ ಪುಟದಲ್ಲಿ ತನಗೆ ಪರಿಚಯವಿರುವ ಗುರುತು ಕಾಣದ ಗ್ರಾಹಕ ನಿಮಗೆ ದೂರು ಬರೆಯುವುದಿಲ್ಲ. ಸುಮ್ಮನೆ ಹೊರಟುಹೋಗುತ್ತಾನೆ, ಮತ್ತು ನಿಮ್ಮ ದೀಪ ಅವನಿಗೆ ಇಷ್ಟವಾಗಲಿಲ್ಲ ಎಂದು ನೀವು ಭಾವಿಸುತ್ತೀರಿ. ಹತ್ತು ದೇಶ ತೆರೆದವರಿಗೆ ಈ ತಪ್ಪು ತೀರ್ಮಾನ ಹತ್ತು ಪಟ್ಟು.

ಇದಕ್ಕೆ ದೊಡ್ಡ ಉದಾಹರಣೆ ಅಮೆರಿಕದ ಆನ್‌ಲೈನ್ ಮಾರಾಟ ತಾಣ ಇಬೇ. ಚೀನಾದ ಈಚ್‌ನೆಟ್ ಎಂಬ ಅಂಥದ್ದೇ ತಾಣವನ್ನು 2003ರಲ್ಲಿ ಪೂರ್ಣವಾಗಿ ಕೊಂಡು ಅದು ಆ ಮಾರುಕಟ್ಟೆಯಲ್ಲಿ ಮುಂದಿತ್ತು. ಅದೇ ವರ್ಷ ಚೀನಾದ್ದೇ ಕಂಪನಿ ಅಲಿಬಾಬಾ ತಾವೊಬಾವೊ ಎಂಬ ತಾಣ ಆರಂಭಿಸಿ, ಮಾರುವವರಿಂದ ಪಟ್ಟಿ ಮಾಡುವ ಶುಲ್ಕ ಪಡೆಯಲಿಲ್ಲ. ಅಪರಿಚಿತರ ನಡುವಿನ ಅಪನಂಬಿಕೆಗೆ ಅವರು ಕಂಡುಕೊಂಡ ಉತ್ತರ ಅಲಿಪೇ: ಕೊಳ್ಳುವವರು ಸರಕು ಸರಿಯಿದೆ ಎನ್ನುವವರೆಗೆ ಹಣವನ್ನು ಮಧ್ಯದಲ್ಲಿ ಹಿಡಿದಿಡುವ ವ್ಯವಸ್ಥೆ. ಒಂದೇ ದೇಶದ ಜನ ಯಾವುದಕ್ಕೆ ಹೆದರುತ್ತಾರೆ ಎಂದು ಹತ್ತಿರದಿಂದ ನೋಡಿದವರಿಗೆ ಮಾತ್ರ ಹೊಳೆಯುವ ಉತ್ತರ ಅದು. ಇಬೇ 2006ರ ಡಿಸೆಂಬರ್‌ನಲ್ಲಿ ತನ್ನ ಚೀನೀ ತಾಣವನ್ನು ಮುಚ್ಚುವುದಾಗಿ ಪ್ರಕಟಿಸಿ, ಸ್ಥಳೀಯ ಕಂಪನಿಯೊಂದರ ಜೊತೆ ಕೈಜೋಡಿಸಿತು.

ವಿಳಾಸದ ಅರ್ಜಿಯ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಹಾಂಗ್‌ಕಾಂಗ್‌ನಲ್ಲಿ ಪಿನ್‌ಕೋಡ್ ಇಲ್ಲ. ಐರ್ಲೆಂಡ್‌ನಲ್ಲಿ ದೇಶವ್ಯಾಪಿ ಕೋಡ್ ಬಂದದ್ದೇ 2015ರಲ್ಲಿ. ಇಂಡೋನೇಷ್ಯಾದಲ್ಲಿ ಒಂದೇ ಪದದ ಹೆಸರಿನವರು ಬಹಳ ಮಂದಿ, ಅವರಿಗೆ ಕುಲನಾಮದ ಖಾನೆ ಕಡ್ಡಾಯ ಮಾಡಿದರೆ ಅಲ್ಲೇ ತಡೆ. ನೀವು ತೆರೆದ ದೇಶದ ಇಪ್ಪತ್ತು ನಿಜವಾದ ವಿಳಾಸಗಳನ್ನು, ಮಾಲೀಕರ ಒಪ್ಪಿಗೆ ಪಡೆದು, ನಿಮ್ಮ ಅರ್ಜಿಯಲ್ಲಿ ಕೈಯಾರೆ ತುಂಬಿ ನೋಡಿ. ಹಳ್ಳಿಯ ವಿಳಾಸ, ಬಹುಮಹಡಿ ಕಟ್ಟಡದ ವಿಳಾಸ, ಅಂಚೆ ಪೆಟ್ಟಿಗೆಯ ವಿಳಾಸ ಎಲ್ಲವೂ ಅದರಲ್ಲಿರಲಿ.

ಒತ್ತೊತ್ತಾಗಿ ಮಾರುವುದರ ಬಲ

ಕೊರಿಯರ್ ವಾಹನ ಒಂದು ಬೀದಿಗೆ ಒಂದೇ ಪಾರ್ಸೆಲ್ ಒಯ್ದರೂ ಅಷ್ಟೇ ಇಂಧನ, ಹತ್ತು ಒಯ್ದರೂ ಹೆಚ್ಚುಕಡಿಮೆ ಅಷ್ಟೇ. ನೂರು ಆರ್ಡರ್ ಒಂದೇ ದೇಶದಲ್ಲಿದ್ದರೆ ನೀವು ಕೊರಿಯರ್ ಸಂಸ್ಥೆಯ ಜೊತೆ ಕುಳಿತು ದರದ ಮಾತಾಡಬಹುದು. ಅದೇ ನೂರು ಹತ್ತು ದೇಶಗಳಲ್ಲಿ ಹರಡಿದ್ದರೆ ನೀವು ಎಲ್ಲ ಕಡೆಯೂ ಹತ್ತು ಪಾರ್ಸೆಲ್ಲಿನ ಗಿರಾಕಿ. ಗೋದಾಮಿನ ಸ್ಟಾಕ್‌ಗೂ ಇದೇ ಮಾತು. ಇನ್ನೂರು ದೀಪಗಳನ್ನು ನಾಲ್ಕು ದೇಶಗಳಲ್ಲಿ ಐವತ್ತರಂತೆ ಹಂಚಿಟ್ಟರೆ, ಒಂದು ಕಡೆ ಮುಗಿದುಹೋಗಿ ಗ್ರಾಹಕರು ಕಾಯುತ್ತಿರುತ್ತಾರೆ, ಇನ್ನೊಂದು ಕಡೆ ಧೂಳು ಹಿಡಿಯುತ್ತಿರುತ್ತದೆ.

ದಕ್ಷಿಣ ಕೊರಿಯಾದ ಆನ್‌ಲೈನ್ ಅಂಗಡಿ ಕೂಪಾಂಗ್ ಈ ಬಲವನ್ನು ಬಳಸಿಕೊಂಡ ಬಗೆ ನನಗೆ ಬಹಳ ಮೆಚ್ಚುಗೆ. 2010ರಲ್ಲಿ ಆರಂಭವಾದ ಅದು 2014ರಲ್ಲಿ ಸ್ವಂತ ವಿತರಣಾ ಸೇವೆ ಶುರುಮಾಡಿತು. 2021ರಲ್ಲಿ ನ್ಯೂಯಾರ್ಕ್ ಷೇರುಪೇಟೆಗೆ ಹೋಗುವಾಗ ದೇಶದ 70 ಶೇಕಡ ಜನ ತನ್ನ ಯಾವುದಾದರೊಂದು ಕೇಂದ್ರದಿಂದ 7 ಮೈಲಿಯೊಳಗೆ ವಾಸಿಸುತ್ತಾರೆ ಎಂದು ಹೇಳಿಕೊಂಡಿತು. ಹನ್ನೊಂದು ವರ್ಷಗಳ ಹೊತ್ತಿಗೆ ಅದರ ವ್ಯಾಪಾರ ಬಹುತೇಕ ಆ ಒಂದೇ ದೇಶದ್ದು. ಅಷ್ಟು ಹತ್ತಿರದ ಜಾಲದಲ್ಲಿ ಮರಳಿ ಬರುವ ವಸ್ತು, ತಲುಪಿಸಲು ಹೋದ ವಾಹನದಲ್ಲೇ ಹಿಂದಿರುಗಬಹುದು.

ಇದಕ್ಕೆ ತೀರಾ ವಿರುದ್ಧವಾದದ್ದು ಲಂಡನ್‌ನ ಬೂ ಡಾಟ್ ಕಾಮ್. ಫ್ಯಾಷನ್ ಬಟ್ಟೆಗಳ ಅಂಗಡಿ, 1999ರ ನವೆಂಬರ್‌ನಲ್ಲಿ ಹದಿನೆಂಟು ದೇಶಗಳಲ್ಲಿ ಒಟ್ಟಿಗೆ ಬಾಗಿಲು ತೆರೆಯಿತು. ಹಲವು ಭಾಷೆ, ಹಲವು ನಾಣ್ಯ, ಹಲವು ತೆರಿಗೆ, ಎಲ್ಲವೂ ಮೊದಲ ದಿನವೇ ಸರಿಯಾಗಿ ನಡೆಯಬೇಕಿತ್ತು. ತಾಣವೂ ಆ ಕಾಲದ ನಿಧಾನ ಇಂಟರ್ನೆಟ್‌ಗೆ ಭಾರವಾಗಿತ್ತು. 2000ರ ಮೇ ತಿಂಗಳಲ್ಲಿ, ಸುಮಾರು 135 ಮಿಲಿಯನ್ ಡಾಲರ್ ಖರ್ಚಾದ ಮೇಲೆ, ಮುಚ್ಚಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವುದು ಹಣದ ವಿಷಯಕ್ಕೆ ಹೇಳಿದ ಮಾತೆಂದು ತಿಳಿಯುತ್ತೇವೆ. ಬೂಗೆ ಹಣದ ಹಾಸಿಗೆ ದೊಡ್ಡದೇ ಇತ್ತು. ಕಡಿಮೆ ಬಿದ್ದದ್ದು ಕಲಿಯುವ ಸಮಯ.

ಅಮೆಜಾನ್ ಮೊದಲ ತಿಂಗಳೇ ಹೊರದೇಶಕ್ಕೆ ಮಾರಿತಲ್ಲ?

ಈ ಪ್ರಶ್ನೆ ಯಾವಾಗಲೂ ಬರುತ್ತದೆ, ಬರಬೇಕಾದದ್ದೇ. 1995ರ ಜುಲೈನಲ್ಲಿ ಆರಂಭವಾದ ಅಮೆಜಾನ್ ಮೊದಲ ತಿಂಗಳೊಳಗೆ ಅಮೆರಿಕದ 50 ರಾಜ್ಯಗಳಿಗೂ 45 ದೇಶಗಳಿಗೂ ಪುಸ್ತಕ ಕಳುಹಿಸಿತು ಎಂಬುದು ನಿಜ. ಆದರೆ ಮಾರಿದ್ದು ಪುಸ್ತಕ. ಅದಕ್ಕೆ ಪ್ಲಗ್ ಇಲ್ಲ, ಅಳತೆ ಇಲ್ಲ, ಬ್ಯಾಟರಿ ಇಲ್ಲ. ಯಾವ ಪುಸ್ತಕ ಬೇಕೆಂದು ಗೊತ್ತಿದ್ದೇ ಕೊಳ್ಳುವುದರಿಂದ ಮರಳುವುದೂ ಕಡಿಮೆ. ಹೊರದೇಶದವರು ಅಮೆರಿಕದ ಅಂಗಡಿಯಿಂದ, ಡಾಲರಿನಲ್ಲಿ, ಕಾಯಲು ಸಿದ್ಧರಾಗಿ ಕೊಂಡರು. ಆರ್ಡರ್ ಸ್ವೀಕರಿಸುವುದು ಬೇರೆ, ಒಂದು ದೇಶದಲ್ಲಿ ಅಂಗಡಿ ಇಡುವುದು ಬೇರೆ. ಅಂಗಡಿ ಇಡುವ ಕೆಲಸಕ್ಕೆ ಅಮೆಜಾನ್ 1998ರವರೆಗೆ ಕಾಯಿತು. ಆಗಲೂ ಬ್ರಿಟನ್‌ನ ಬುಕ್‌ಪೇಜಸ್, ಜರ್ಮನಿಯ ಟೆಲಿಬುಕ್ ಎಂಬ ಸ್ಥಳೀಯ ಅಂಗಡಿಗಳನ್ನು ಕೊಂಡು, ಅವುಗಳ ಮೇಲೆ ತನ್ನ ತಾಣಗಳನ್ನು ಕಟ್ಟಿತು.

ನಿಮ್ಮ ವಸ್ತುವೂ ಹಗುರವಾಗಿದ್ದು, ಕೆಡದಂಥದ್ದಾಗಿ, ಅಪರೂಪದ್ದಾಗಿ, ಮರಳುವ ಸಂಭವ ಬಹಳ ಕಡಿಮೆ ಇದ್ದರೆ ಹೊರಗಿನ ಆರ್ಡರ್ ಒಂದೊಂದಾಗಿ ಸ್ವೀಕರಿಸಬಹುದು. ಬೆಲೆ ನಿಮ್ಮ ನಾಣ್ಯದಲ್ಲಿರಲಿ, ಸುಂಕ ಯಾರು ಕಟ್ಟಬೇಕೆಂದು ಹಣ ಕೊಡುವ ಗುಂಡಿಯ ಮೇಲೆಯೇ ಸ್ಪಷ್ಟವಾಗಿ ಬರೆದಿರಲಿ. ಹಾಗಿದ್ದರೂ ಆ ದೇಶಗಳಿಗೆ ಜಾಹೀರಾತು ಕೊಡಬೇಡಿ. ಕೇವಲ ಡೌನ್‌ಲೋಡ್ ಮಾಡಿಕೊಳ್ಳುವ ವಸ್ತು ಮಾರುವವರಿಗೆ ಈ ಬರಹದ ಅರ್ಧ ಅನ್ವಯಿಸುವುದಿಲ್ಲ, ತೆರಿಗೆ ಮತ್ತು ಪಾವತಿಯ ಭಾಗ ಮಾತ್ರ ಪೂರ್ತಿ ಅನ್ವಯಿಸುತ್ತದೆ.

ಯಾವ ಒಂದು ದೇಶ?

ಬಹುಪಾಲು ಜನರಿಗೆ ಉತ್ತರ ಅವರು ವಾಸಿಸುವ ದೇಶವೇ. ಭಾಷೆ ಗೊತ್ತು, ಬ್ಯಾಂಕ್ ಖಾತೆ ಇದೆ, ದೂರು ಬಂದರೆ ಫೋನ್ ಎತ್ತಿ ಮಾತಾಡಬಹುದು. ಆದರೆ ನಿಮ್ಮ ದೇಶ ತೀರಾ ಚಿಕ್ಕದಿದ್ದು, ನಿಮ್ಮ ವಸ್ತುವನ್ನು ಬಯಸುವವರು ಅಲ್ಲಿ ಬೆರಳೆಣಿಕೆಯಷ್ಟು ಮಾತ್ರ ಎಂದಾದರೆ ಬೇರೆ ದೇಶವನ್ನು ಮೊದಲ ದೇಶವಾಗಿ ಆರಿಸಿಕೊಳ್ಳಬಹುದು. ಆಗ ಸ್ಟಾಕ್ ಅಲ್ಲಿರಲಿ, ರಿಟರ್ನ್ ಪಡೆಯುವ ವಿಳಾಸ ಅಲ್ಲಿರಲಿ, ಗ್ರಾಹಕರಿಗೆ ಉತ್ತರಿಸುವವರು ಅವರ ಹಗಲಿನಲ್ಲಿ ಎಚ್ಚರವಾಗಿರಲಿ. ನೀವೆಲ್ಲಿ ಕುಳಿತಿದ್ದೀರಿ ಎಂಬುದಕ್ಕಿಂತ ಪಾರ್ಸೆಲ್ ಮರಳಿ ಎಲ್ಲಿಗೆ ಹೋಗುತ್ತದೆ ಎಂಬುದೇ ನಿಮ್ಮ ಅಂಗಡಿಯ ನಿಜವಾದ ವಿಳಾಸ.

ಎರಡು ದೇಶಗಳ ನಡುವೆ ಮನಸ್ಸು ತೂಗುತ್ತಿದ್ದರೆ ಎರಡಕ್ಕೂ ಆ ಹಾಳೆಯನ್ನು ತುಂಬಿ. ಕಡಿಮೆ ಖಾಲಿ ಜಾಗ ಉಳಿದದ್ದನ್ನು ಆರಿಸಿಕೊಳ್ಳಿ, ಜನಸಂಖ್ಯೆ ಹೆಚ್ಚಿರುವುದನ್ನಲ್ಲ.

ಉಳಿದವರಿಗೆ ಇಲ್ಲ ಎನ್ನುವುದು

ಇದು ಮನಸ್ಸಿಗೆ ಕಷ್ಟದ ಕೆಲಸ. ಯಾರೋ ದೂರದಿಂದ ಆಸೆಪಟ್ಟು ಬರೆಯುತ್ತಾರೆ, ಹಣ ಕೊಡಲು ಸಿದ್ಧರಿದ್ದಾರೆ, ನೀವು ಆಗುವುದಿಲ್ಲ ಎನ್ನಬೇಕು. ಅವರನ್ನು ಪಾವತಿಯ ಕೊನೆಯ ಪುಟದವರೆಗೆ ನಡೆಸಿಕೊಂಡು ಹೋಗಿ ಅಲ್ಲಿ ತಡೆಯಬೇಡಿ. ಯಾವ ದೇಶಕ್ಕೆ ಕಳುಹಿಸುತ್ತೀರಿ ಎಂಬುದನ್ನು ಮೊದಲ ಪುಟದಲ್ಲೇ, ಬೆಲೆಯ ಪಕ್ಕದಲ್ಲೇ ಬರೆಯಿರಿ. ಅದರ ಕೆಳಗೆ ಇಮೇಲ್ ಮತ್ತು ದೇಶ ಎರಡನ್ನು ಮಾತ್ರ ಕೇಳುವ ಒಂದು ಸಣ್ಣ ಖಾನೆ ಇಡಿ. ನಿಮ್ಮ ದೇಶಕ್ಕೆ ಬರುವಾಗ ತಿಳಿಸುತ್ತೇವೆ ಎನ್ನಿ, ಬಂದಾಗ ನಿಜವಾಗಿ ತಿಳಿಸಿ. ನಮ್ಮ ಎರಡನೆಯ ದೇಶವನ್ನು ತೋರಿಸಿಕೊಟ್ಟದ್ದು ಆ ಪಟ್ಟಿಯೇ. ನಾವು ಊಹಿಸಿದ್ದು ಬೇರೆ ದೇಶ.

ಯುರೋಪಿಯನ್ ಒಕ್ಕೂಟದಲ್ಲಿರುವವರು ಇಲ್ಲಿ ಒಂದು ಎಚ್ಚರ ವಹಿಸಬೇಕು. 2018ರ ಡಿಸೆಂಬರ್‌ನಿಂದ ಜಾರಿಯಲ್ಲಿರುವ ನಿಯಮದಂತೆ ಎಲ್ಲ ಸದಸ್ಯ ದೇಶಗಳಿಗೆ ಸರಕು ತಲುಪಿಸುವ ಕಡ್ಡಾಯ ಇಲ್ಲ. ಆದರೆ ಬೇರೆ ಸದಸ್ಯ ದೇಶದವರು ನೀವು ತಲುಪಿಸುವ ದೇಶದ ವಿಳಾಸ ಕೊಟ್ಟು ಕೊಳ್ಳಲು ಬಂದರೆ ಅವರನ್ನು ಅವರ ದೇಶದ ಕಾರಣಕ್ಕೆ ತಡೆಯುವಂತಿಲ್ಲ.

ಎರಡನೆಯ ದೇಶ

ಮೊದಲ ದೇಶ ಕೈಗೆ ಬಂದಿದೆ ಎಂದು ತಿಳಿಯುವುದು ಹೇಗೆ? ಮಾರಾಟದ ಸಂಖ್ಯೆ ಅದನ್ನು ಹೇಳುವುದಿಲ್ಲ. ನಾನು ನೋಡುವುದು ಬೇರೆ. ಒಂದು ತಿಂಗಳಲ್ಲಿ ಬಂದ ದೂರುಗಳನ್ನೆಲ್ಲ ಮುಂದಿಟ್ಟುಕೊಂಡಾಗ ಅದರಲ್ಲಿ ಮೊದಲು ಕಾಣದ ಬಗೆಯ ದೂರು ಒಂದೂ ಇರಬಾರದು. ಪ್ರತಿಯೊಂದಕ್ಕೂ ಏನು ಮಾಡಬೇಕೆಂದು ತಂಡದಲ್ಲಿ ಹೊಸಬರೂ ಹೇಳುವಂತಿರಬೇಕು. ಅಂಥ ಮೂರು ತಿಂಗಳು ಸತತವಾಗಿ ಕಳೆದ ಮೇಲೆ ನಾವು ಎರಡನೆಯ ದೇಶದ ಮಾತೆತ್ತಿದೆವು. ಮೊದಲ ದಿನದಿಂದ ಲೆಕ್ಕ ಹಾಕಿದರೆ ಹತ್ತೊಂಬತ್ತು ತಿಂಗಳಾಗಿತ್ತು.

ತೆರೆದ ದೇಶವನ್ನು ಮುಚ್ಚುವುದೂ ಒಂದು ಕೆಲಸ ಎಂಬುದನ್ನು ಮರೆಯಬೇಡಿ. ಆಫ್ರಿಕಾದ ಆನ್‌ಲೈನ್ ಅಂಗಡಿ ಜೂಮಿಯಾ ನೈಜೀರಿಯಾದಲ್ಲಿ 2012ರಲ್ಲಿ ಆರಂಭವಾಗಿ ಬೇಗನೆ ಹಲವು ದೇಶಗಳಿಗೆ ಹರಡಿತು. 2019ರಲ್ಲಿ ಕ್ಯಾಮರೂನ್ ಮತ್ತು ತಾಂಜಾನಿಯಾದಿಂದ ಹಿಂದೆ ಸರಿಯಿತು, 2024ರಲ್ಲಿ ದಕ್ಷಿಣ ಆಫ್ರಿಕಾ ಮತ್ತು ಟುನೀಷಿಯಾವನ್ನು ಬಿಡುವುದಾಗಿ ಪ್ರಕಟಿಸಿತು. ಪ್ರತಿ ನಿರ್ಗಮನದ ಹಿಂದೆಯೂ ಕೆಲಸ ಕಳೆದುಕೊಂಡವರು, ವಾರಂಟಿ ಹಿಡಿದು ಕಾದವರು ಇರುತ್ತಾರೆ.

ಎರಡನೆಯ ದೇಶಕ್ಕೆ ಗುರುತು ಹಾಕುವ ಮೊದಲು ಅಲ್ಲಿರುವ ಪರಿಚಯದವರಲ್ಲಿ ಐವರನ್ನು ಹುಡುಕಿ. ಒಬ್ಬರು ನಗರದಲ್ಲಿ, ಒಬ್ಬರು ದೂರದ ಊರಿನಲ್ಲಿ ಇರುವಂತೆ ನೋಡಿಕೊಳ್ಳಿ. ಐವರಿಗೂ ನಿಜವಾದ ಆರ್ಡರ್ ಹಾಕಲು ಹೇಳಿ, ಅವರದೇ ಪಾವತಿ ವಿಧಾನದಲ್ಲಿ, ಪೂರ್ತಿ ಬೆಲೆ ಕೊಟ್ಟು. ಪಾರ್ಸೆಲ್ ತಲುಪಿದಾಗ ಬಾಗಿಲಲ್ಲಿ ಏನು ಕೇಳಿದರು, ಎಷ್ಟು ಕಟ್ಟಿಸಿಕೊಂಡರು, ಪೆಟ್ಟಿಗೆ ಯಾವ ಸ್ಥಿತಿಯಲ್ಲಿತ್ತು ಎಂದು ಬರೆದಿಡಲು ಕೇಳಿಕೊಳ್ಳಿ. ಆಮೇಲೆ ಮೂವರಿಗೆ ವಸ್ತುವನ್ನು ಹಿಂತಿರುಗಿಸಲು ಹೇಳಿ. ಹೇಗೆಂದು ಹೇಳಿಕೊಡಬೇಡಿ, ನಿಮ್ಮ ರಿಟರ್ನ್ ಪುಟವನ್ನು ಓದಿ ಅವರೇ ಮಾಡಲಿ.

ನಮ್ಮ ಮೂರು ಪಾರ್ಸೆಲ್‌ಗಳಲ್ಲಿ ಎರಡು ಒಂಬತ್ತನೆಯ ದಿನ ಅಲ್ಲಿನ ರಿಟರ್ನ್ ವಿಳಾಸಕ್ಕೆ ಬಂದವು. ಮೂರನೆಯದಕ್ಕೆ ಇಪ್ಪತ್ತಾರು ದಿನ ಹಿಡಿಯಿತು. ಆ ಹದಿನೇಳು ದಿನ ಅದು ಎಲ್ಲಿತ್ತು ಎಂದು ಕಂಡುಹಿಡಿದು, ರಿಟರ್ನ್ ಪುಟದಲ್ಲಿ ಒಂದು ಸಾಲನ್ನು ಬದಲಿಸಿ, ಮತ್ತೆ ಮೂರು ಪಾರ್ಸೆಲ್ ಕಳುಹಿಸಿ ತರಿಸಿಕೊಂಡೆವು. ಮೂರೂ ಹತ್ತು ದಿನದೊಳಗೆ ಆ ವಿಳಾಸದ ಮೇಜಿನ ಮೇಲಿದ್ದವು. ಅಂದು ಸಂಜೆ ಎರಡನೆಯ ಚೌಕಕ್ಕೆ ಗುರುತು ಹಾಕಿದೆವು.